ಕೆರಿಯಲ್ಲ, ಕೇರಿ

ಜಮೀನು ಅಳೆಯುವ ಮೋಜಣಿ ಇಲಾಖೆಗೆ ಸೇರಿದ ವಾರದಲ್ಲೇ ಈಗ ನಿಮ್ಮ ಕೈಗೆ ಒಂದು ಟ್ಯಾಬು ಕೊಡುತ್ತಾರೆ, ಜೊತೆಗೆ ಚಾರ್ಜರು. ನನಗೆ ಕೊಟ್ಟದ್ದು ಕಬ್ಬಿಣದ ಸರಪಳಿ. ಅದನ್ನು ಹೊರುವ ಹೆಗಲು ನನ್ನದೇ. ಅಕ್ಕಲಕೋಟದ ಎರೆಹೊಲಗಳಲ್ಲಿ ಸರಪಳಿ ಎಳೆದು ಎಳೆದು ನನ್ನ ಬಲಗೈ ಎಡಗೈಗಿಂತ ಉದ್ದವಾಗಿದೆ ಎಂದು ನನ್ನ ಹೆಂಡತಿ ಈಗಲೂ ಹೇಳುತ್ತಾಳೆ. ಅಂಗಿ ಹೊಲಿಯುವವನು ಅಳೆದು ಎರಡೂ ಒಂದೇ ಎಂದು ತೋರಿಸಿದರೂ ಅವಳು ಒಪ್ಪಲಿಲ್ಲ. ಅಳತೆಯ ಮಾತನ್ನು ಜನ ಅಷ್ಟು ಸುಲಭಕ್ಕೆ ನಂಬುವುದಿಲ್ಲ ಎಂಬುದು ನನಗೆ ಮೊದಲು ಗೊತ್ತಾದದ್ದು ಮನೆಯಲ್ಲೇ.

ಇದನ್ನು ಬರೆಯಲು ಕಾರಣ ನೀವೇ. ನಿವೃತ್ತನಾದ ಮೇಲೂ ನಾನು ಆಗೀಗ ಸೊಲ್ಲಾಪುರದ ಆಫೀಸಿನ ಕಡೆ ಹೋಗುತ್ತೇನೆ. ಒಳಗೆ ಕೆಲಸವೇನೂ ಇರುವುದಿಲ್ಲ, ಎದುರಿಗೆ ಚಹಾದ ಗಾಡಿ ಇರುತ್ತದೆ. ಹೊಸಬರು ಸುತ್ತ ನಿಂತು “ಕಾಕಾ, ಮೊದಲ ಹೆಂಗಿತ್ತರಿ?” ಎಂದು ಕೇಳುತ್ತೀರಿ. ನಾನು ಶುರು ಮಾಡುವಷ್ಟರಲ್ಲಿ ಚಹಾ ಮುಗಿದು, ಒಳಗಿನಿಂದ ಯಾರೋ ನಿಮ್ಮನ್ನು ಕೂಗುತ್ತಾರೆ. ಅರ್ಧ ಹೇಳಿದ ಮಾತು ನನಗೆ ರಾತ್ರಿಯ ಊಟ ಕೆಡಿಸುತ್ತದೆ. ಅದಕ್ಕೇ ಬರೆದುಬಿಟ್ಟೆ. ಕನ್ನಡದಲ್ಲಿ ಯಾಕೆ ಎಂದರೆ, ಇಡೀ ನೌಕರಿಯನ್ನು ಮರಾಠಿಯಲ್ಲಿ ಬರೆದು ಮುಗಿಸಿದವನು ಒಂದನ್ನಾದರೂ ಸಾಲಿಯಲ್ಲಿ ಕಲಿತ ಅಕ್ಷರದಲ್ಲಿ ಬರೆಯಬೇಡವೇ? ನಿಮ್ಮಲ್ಲಿ ಅರ್ಧ ಜನ ಮನೆಯಲ್ಲಿ ಕನ್ನಡ ಮಾತಾಡುತ್ತೀರಿ, ಓದಲು ಬರುವುದಿಲ್ಲ. ಅಂಥವರು ಅಪ್ಪನಿಂದಲೋ ಅಜ್ಜಿಯಿಂದಲೋ ಓದಿಸಿಕೊಳ್ಳಿ. ಅವರಿಗೂ ಹೊತ್ತು ಹೋಗುತ್ತದೆ.

ಬಡ್ತಿ ಯಾರಿಗೆ ಯಾವಾಗ ಬಂತು ಎಂಬುದನ್ನು ಇಲ್ಲಿ ಹುಡುಕಬೇಡಿ. ಅದು ಬೇಕಾದರೆ ಶಿಂದೆಯನ್ನು ಕೇಳಿ. ಶಿಂದೆ ನನ್ನ ಜೊತೆ ಒಂದೇ ಕೋಣೆಯಲ್ಲಿ ವರ್ಷಗಟ್ಟಲೆ ಕೂತವನು, ಲಾತೂರ ಕಡೆಯವನು. ತನ್ನ ಬಡ್ತಿಯ ಕತೆಯ ಜೊತೆಗೆ ನನ್ನದನ್ನೂ ಸೇರಿಸಿ ಹೇಳುತ್ತಾನೆ. ಕೇಳಿದರೆ ನಾನೇ ಬೆರಗಾಗುತ್ತೇನೆ.

ಈಗ ನೀವೆಲ್ಲ “ಮೇಲಿನವರು ಎಲ್ಲ ನಕಾಶೆಗೂ ಒಂದೇ ಅಚ್ಚು ಮಾಡಿಟ್ಟು ನಮ್ಮ ಕೈ ಕಟ್ಟಿದ್ದಾರೆ” ಎಂದು ಗೊಣಗುತ್ತೀರಲ್ಲ, ಮೊದಲು ಅದರ ಪರವಾಗಿ ಎರಡು ಮಾತು ಹೇಳುತ್ತೇನೆ. ಅಚ್ಚು ಇಲ್ಲದ ಕಾಲವನ್ನು ನಾನು ನೋಡಿದ್ದೇನೆ. ಆಗ ಪ್ರತಿ ತಾಲೂಕಿನ ಆಫೀಸು ತನಗೆ ತಿಳಿದಂತೆ ನಕಾಶೆ ಬರೆಯುತ್ತಿತ್ತು. ನಮ್ಮಲ್ಲಿ ಜೋಡಿ ಚುಕ್ಕಿಗೆರೆ ಎಂದರೆ ಚಕ್ಕಡಿ ದಾರಿ. ಪಕ್ಕದ ತಾಲೂಕಿನಲ್ಲಿ ಅದೇ ಗೆರೆ ಎಂದರೆ ಒಣಹಳ್ಳ. ಒಮ್ಮೆ ಎರಡೂ ಹಾಳೆಗಳನ್ನು ಮೇಜಿನ ಮೇಲೆ ಕೂಡಿಸಿ ಇಟ್ಟರೆ, ನಮ್ಮ ದಾರಿ ನೆಟ್ಟಗೆ ಹೋಗಿ ಅವರ ಹಳ್ಳಕ್ಕೆ ಬಿದ್ದಿತ್ತು. ಆ ಕೂಡಿಸಿದ ನಕಾಶೆಯನ್ನು ಯಾರೋ ಬೇರೆ ಇಲಾಖೆಯವರು ನೋಡಿ, ಆ ಹಳ್ಳಕ್ಕೆ ಸೇತುವೆ ಬೇಕೆಂದು ಅಂದಾಜು ಪಟ್ಟಿ ಮಾಡಿ ಕಳಿಸಿದರು. ನಡು ಹೊಲದಲ್ಲಿ ಒಣ ದಾರಿಯ ಮೇಲೆ ಸೇತುವೆ! ಜಾಗ ತೋರಿಸಲು ಹೋದಾಗ ಅಲ್ಲಿ ಒಬ್ಬ ರೈತ ಎತ್ತು ನಿಲ್ಲಿಸಿ ಕೇಳಿದ, “ಇಲ್ಲಿ ಪೂಲ್ ಕಟ್ಟಾವ್ರ ಅದೀರೇನ್ರಿ? ಹಂಗಾರ ಮೊದಲ ಒಂದ್ ಸ್ವಲ್ಪ ನೀರ ತರ್ರಿ.”

ಇನ್ನೊಂದು ಸಲ ಚಿಂಚೋಳಿಯ ಕಾರ್ಖಾನೆಗಳ ಪ್ರದೇಶ ಎಂಐಡಿಸಿಯಲ್ಲಿ ಒಂದು ಗೋದಾಮಿನ ಜಾಗದ ಮೋಜಣಿ ಇತ್ತು. ಅಳತೆಯ ಯಂತ್ರ ಹೊಸದು, ಪೆಟ್ಟಿಗೆಯಲ್ಲಿ ಭದ್ರವಾಗಿ ಬರಬೇಕಾಗಿತ್ತು. ನಾವು ಬಿಸಿಲಲ್ಲಿ ಗೇಟಿನ ಹತ್ತಿರ ಕೂತು ಶೇಂಗಾ ತಿನ್ನುತ್ತ ಕಾದೆವು. ಪೆಟ್ಟಿಗೆ ಬರಲೇ ಇಲ್ಲ. ಕಳಿಸಿದವರು ಹೆಸರು ಮಾತ್ರ ಬರೆದಿದ್ದರು, ಅದು ಗಡಿ ದಾಟಿ ಕಲಬುರಗಿ ಕಡೆಯ ಚಿಂಚೋಳಿಗೆ ಹೋಗಿ ಇಳಿದಿತ್ತು. ಅದು ತಿರುಗಿ ಬರುವಷ್ಟರಲ್ಲಿ ನಾವು ಹಳೆಯ ಟೇಪು ಹಿಡಿದು ಅಳೆದು ಮುಗಿಸಿ, ಮಾಲಕರಿಂದ ಚಹಾನೂ ಕುಡಿದಿದ್ದೆವು. ಪ್ರತಿ ಊರಿಗೂ ಒಂದು ಕೋಡು ನಂಬರು ಬೇಕು, ಹೆಸರನ್ನು ನೆಚ್ಚಿ ಕೂಡಬಾರದು ಎಂದು ಆವತ್ತು ನನಗೆ ಖಾತ್ರಿಯಾಯಿತು. ಆದ್ದರಿಂದ ಇಡೀ ರಾಜ್ಯಕ್ಕೆ ಒಂದೇ ಮಾನಕ ಬಂದಾಗ ಆಫೀಸಿನಲ್ಲಿ ಮೊದಲು ಖುಷಿಪಟ್ಟವನು ನಾನೇ.

ಮಾನಕದ ಜೊತೆಗೇ ನಮ್ಮ ಮೇಲಧಿಕಾರಿಯಾಗಿ ದೇಶಮುಖ ಮೇಡಮ್ ಬಂದರು. ಪುಣೆಯವರು. ಮಡಿಚಿದ ಮೆತ್ತನೆಯ ಬಟ್ಟೆಯೊಂದನ್ನು ಸದಾ ಕೈಯಲ್ಲಿ ಹಿಡಿದಿರುತ್ತಿದ್ದರು, ಯಾರ ಟ್ಯಾಬು ಕಂಡರೂ ಅದರ ಗಾಜು ಒರೆಸುತ್ತಿದ್ದರು. ನಮ್ಮ ಕಡೆಯ ಶೇಂಗಾ ಚಟ್ನಿ ಕಂಡರೆ ಮಾತ್ರ ಅವರ ಬಿಗುವೆಲ್ಲ ಸಡಿಲ. ಮಾನಕದ ವಿಷಯದಲ್ಲಿ ಅವರದು ಒಂದೇ ಮಾತು: “ಮಲ್ಲಿನಾಥರಾವ್, ಏನು ಬೇಕಾದರೂ ಮಾಡಿ, ಕಾಲಮ್ಮಿಗೆ ಕೈ ಹಚ್ಚಬೇಡಿ.” ಭೂಮಿಯ ಮೇಲಿನ ಪ್ರತಿ ವಸ್ತುವಿಗೂ ಒಂದು ಕೋಡು, ಒಂದು ಮರಾಠಿ ಹೆಸರು, ಒಂದು ಇಂಗ್ಲಿಷ್ ಹೆಸರು. ಅಷ್ಟೇ. ನಾಲ್ಕನೆಯ ಕಾಲಮ್ಮು ಇಲ್ಲ. ನನಗೆ ಅದು ಸರಿಯೆಂದೇ ತೋರಿತ್ತು, ಹೊಸಕೇರಿಯ ಸಂಗತಿ ಬರುವವರೆಗೆ.

ಈ ಸಂಗತಿ ತಿಳಿಯಬೇಕಾದರೆ ನಿಮಗೆ ಒಂದು ಸಣ್ಣ ವ್ಯಾಕರಣ ಬೇಕು, ಹೆದರಬೇಡಿ. ನಮ್ಮ ಕಡೆ ಕೆರೆಗೆ ‘ಕೆರಿ’ ಎನ್ನುತ್ತೇವೆ. ಅದರಲ್ಲಿ ನೀರು ಇರುತ್ತದೆ. ಜನ ಮನೆ ಕಟ್ಟಿಕೊಂಡು ಬಾಳುವ ಓಣಿಗೆ ‘ಕೇರಿ’ ಎನ್ನುತ್ತೇವೆ. ಎರಡಕ್ಕೂ ಇರುವ ಅಂತರ ಒಂದೇ ಒಂದು ದೀರ್ಘ. ಕನ್ನಡದಲ್ಲಿ ಆ ದೀರ್ಘಕ್ಕೆ ಬಾಲ ಹಚ್ಚುತ್ತೇವೆ. ಮರಾಠಿ ಬರವಣಿಗೆಯಲ್ಲಿ ಗಿಡ್ಡ ಎ, ಉದ್ದ ಏ ಎಂದು ಎರಡು ಇಲ್ಲ, ಇರುವುದು ಒಂದೇ. ಒ, ಓ ಕೂಡ ಹಾಗೆಯೇ. ಹಾಗಾಗಿ ಕೆರಿ ಬರೆದರೂ ಕೇರಿ ಬರೆದರೂ ಕಾಗದದ ಮೇಲೆ ಅವೇ ಅಕ್ಷರ. ಇಂಗ್ಲಿಷಿನಲ್ಲೂ ಅದೇ ಪಾಡು.

ತಡವಳದಿಂದ ಮೋಟಾರುಸೈಕಲ್ಲಿನಲ್ಲಿ ಸ್ವಲ್ಪ ದೂರ ಹೋದರೆ ಸಿಗುವ ಒಂದು ಊರಿನ ಅಂಚಿನಲ್ಲಿ ಹೊಸಕೇರಿ ಇದೆ. ಹಳೆಯ ನಕಾಶೆಯಲ್ಲಿ ಆ ಓಣಿಗೆ ಜಾತಿಯ ಹೆಸರು ಅಂಟಿತ್ತು. ಅಲ್ಲಿಯ ಬೌದ್ಧ ಕುಟುಂಬಗಳು ಓಡಾಡಿ ಅದನ್ನು ತೆಗೆಸಿ, ತಾವೇ ಕೂತು ಮಾತಾಡಿ ಹೊಸಕೇರಿ ಎಂದು ಹೆಸರಿಟ್ಟುಕೊಂಡಿದ್ದರು. ಅದು ಒಳ್ಳೆಯ ಕೆಲಸವೇ. ಆದರೆ ಜಾತಿಯ ಹೆಸರು ಹೋದ ಮೇಲೆ ಮರಾಠಿಯಲ್ಲಿ ಉಳಿದದ್ದು ‘ಹೋಸಕೇರಿ’ ಎಂಬ ಬರಿಯ ಶಬ್ದ. ಡ್ರೋನ್ ಚಿತ್ರ ನೋಡಿ ಒಂದೊಂದಕ್ಕೂ ಕೋಡು ಕೊಡುವ ಕೆಲಸ ಶಿಂದೆಯದು. ಶಿಂದೆಗೆ ಕನ್ನಡ ಚಹಾದ ಗಾಡಿಯಲ್ಲಿ ಬಂದದ್ದು, ಅದರ ಮೇಲೆ ಅವನಿಗೆ ಬಹಳ ಅಭಿಮಾನ. ಹೊಸ ಎಂದರೆ ನವಾ, ಕೆರಿ ಎಂದರೆ ತಲಾವ್, ಅಂದ ಮೇಲೆ ಇದು ಹೊಸ ಕೆರೆ! ಡ್ರೋನ್ ಹಾರಿದ್ದು ಮಳೆ ಬಿದ್ದ ಮರುದಿನ. ಓಣಿಯ ಪಕ್ಕದ ತಗ್ಗಿನಲ್ಲಿ ನೀರು ನಿಂತದ್ದು ಚಿತ್ರದಲ್ಲಿ ಕಾಣುತ್ತಿತ್ತು. ಇನ್ನೇನು ಬೇಕು? ಶಿಂದೆ ತಗ್ಗನ್ನೂ ಓಣಿಯನ್ನೂ ಕೂಡಿಸಿ ಸುತ್ತ ಗೆರೆ ಎಳೆದು ಕೆರೆಯ ಕೋಡು ಕೊಟ್ಟ. ಅಷ್ಟಕ್ಕೇ ಬಿಡದೆ ‘ಕೇರಿ ಅಂದರೆ ತಲಾವ್’ ಎಂದು ಮೇಲಿನ ಕಚೇರಿಗೆ ಬರೆದು ತಿಳಿಸಿದ. ಗಡಿಭಾಗದ ಭಾಷೆ ಬಲ್ಲವರು ಸಿಕ್ಕರೆಂದು ಅವರು ಸಂತೋಷಪಟ್ಟು ಆ ಅರ್ಥವನ್ನು ತಮ್ಮ ಕಂಪ್ಯೂಟರ್ ಸರ್ವರಿಗೇ ಕಲಿಸಿಬಿಟ್ಟರು.

ಆ ಓಣಿಯ ಸಿದ್ರಾಮಜ್ಜನ ಮನೆ ಹೀಗೆ ಕೆರೆಯೊಳಗೆ ಹೋಯಿತು.

ನನಗೆ ಇದು ತಿಳಿದದ್ದು ಸಿದ್ರಾಮಜ್ಜನ ಹೆಂಡತಿ ಕಾಶೀಬಾಯಿ ಮೊಮ್ಮಗಳನ್ನು ಕರೆದುಕೊಂಡು ಆಫೀಸಿಗೆ ಬಂದಾಗ. ಮೊಮ್ಮಗಳು ಪ್ರಾಜಕ್ತಾ ಚಿಂಚೋಳಿ ಎಂಐಡಿಸಿಯ ಒಂದು ಕಾರ್ಖಾನೆಯಲ್ಲಿ ಪ್ಯಾಕಿಂಗ್ ವಿಭಾಗ ನೋಡಿಕೊಳ್ಳುವವಳು, ಆ ದಿನ ರಜೆ ಹಾಕಿ ಬಂದಿದ್ದಳು. ಅವಳ ಕೈಯಲ್ಲಿ ಅತಿಕ್ರಮಣದ ನೋಟೀಸು. ಕೆರೆಯ ಅಂಗಳದಲ್ಲಿ ಮನೆ ಕಟ್ಟಿದ್ದೀರಿ, ತೆರವು ಮಾಡಿ ಎಂದು ಬರೆದಿತ್ತು. ಊರಿನ ಉಳಿದವರಿಗೆಲ್ಲ ಮನೆಯ ಪ್ರಾಪರ್ಟಿ ಕಾರ್ಡು ಬರುತ್ತಿದ್ದ ಹೊತ್ತಿಗೆ ಇವರ ಓಣಿಗೆ ಬಂದದ್ದು ಇದು.

“ಸಾಹೇಬ್ರ, ನಮ್ಮ ಮನಿ ಕೆರಿಯಾಗ ಐತಂತ,” ಎಂದಳು ಕಾಶೀಬಾಯಿ. “ನಮ್ಮದು ಕೇರಿ, ಕೆರಿ ಅಲ್ಲ. ಕೆರಿ ಎಲ್ಲೈತಿ, ಅದನ್ನರ ತೋರಸ್ರಿ. ನಾ ನಲವತ್ತು ಬ್ಯಾಸಗಿ ಎರಡೆರಡ ಕೊಡ ಹೊತ್ತು ದೂರಿಂದ ನೀರ ತಂದೀನಿ. ಮನಿ ಮುಂದ ಕೆರಿ ಇತ್ತಂದ್ರ ನನಗ್ಯಾಕ ಹೇಳಲಿಲ್ಲ ಯಾರೂ?”

ನನಗೆ ನಗು ಬಂತು, ಅವಳ ಮುಖ ನೋಡಿ ನಿಂತಿತು. ಸಿದ್ರಾಮಜ್ಜ ಹೋಟಗಿ ಜಂಕ್ಷನ್ನಿನಲ್ಲಿ ರೈಲು ಹಳಿ ನೋಡಿಕೊಳ್ಳುವ ಗ್ಯಾಂಗಿನಲ್ಲಿ ದುಡಿದವನು. ಸಂಬಳದಲ್ಲಿ ಉಳಿಸಿ ಉಳಿಸಿ ಎತ್ತಿದ ಎರಡು ಕೋಣೆಯ ಕಲ್ಲಿನ ಮನೆ ಅದು. ಈಗ ಅವನಿಗೆ ಎದೆಯ ಬೇನೆ, ಮಂಚ ಬಿಟ್ಟು ಏಳುವುದು ಕಡಿಮೆ. ಕಾರ್ಡು ಹೆಂಡತಿಯ ಹೆಸರಿಗೆ ಆಗುವುದನ್ನು ತಾನಿರುವಾಗಲೇ ನೋಡಬೇಕೆಂಬುದು ಅವನ ಹಟ. ಪ್ರಾಜಕ್ತಾ ಇದನ್ನೆಲ್ಲ ಮರಾಠಿಯಲ್ಲಿ ಮೆಲ್ಲಗೆ ಹೇಳಿದಳು, ಅಜ್ಜಿಗೆ ತಿಳಿಯಬಾರದೆಂದು. ಅಜ್ಜಿಗೆ ಮರಾಠಿ ನನಗಿಂತ ಚೆನ್ನಾಗಿ ತಿಳಿಯುತ್ತಿತ್ತು.

ಅವರೆದುರಿಗೇ ಕೋಡು ತಿದ್ದಿದೆ. ಕೆರೆ ತೆಗೆದು ವಸತಿ ಎಂದು ಹಾಕಿದೆ, ತಗ್ಗನ್ನು ಬೇರೆ ಮಾಡಿದೆ. ಶಿಂದೆ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ, ಅವನ ಮುಖ ಸಣ್ಣದಾಗಿತ್ತು. ತಾನೇ ಹೋಗಿ ಅವರಿಬ್ಬರಿಗೂ ಚಹಾ ತಂದುಕೊಟ್ಟ. ಕೆಲಸ ಮುಗಿಯಿತೆಂದು ನಾನು ಅಂದುಕೊಂಡೆ.

ಎಲ್ಲಿ ಮುಗಿಯುತ್ತದೆ? ಆ ವಾರದ ಮಾಹಿತಿ ಮೇಲಿನ ಸರ್ವರಿಗೆ ಹೋಗಿ ತಪಾಸಣೆಯಾಗಿ ವಾಪಸು ಬಂದಾಗ ಹೊಸಕೇರಿ ಮತ್ತೆ ಕೆರೆಯಾಗಿತ್ತು. ಸರ್ವರು ಹೆಸರು ಓದಿ, ಕಲಿತ ಅರ್ಥಕ್ಕೆ ಹೋಲಿಸಿ, ಇದು ತಪ್ಪು ಎಂದು ತಾನೇ ತಿದ್ದುತ್ತಿತ್ತು. ಮತ್ತೆ ಬದಲಿಸಿದೆ. ಮತ್ತೆ ನೀರು ತುಂಬಿತು. ಆ ಅರ್ಥವನ್ನೇ ತೆಗೆಯಿರಿ ಎಂದು ಬರೆದೆವು. ತೆಗೆದರು. ಆಗ ಅಕ್ಕಲಕೋಟ ಕಡೆಯ ನಿಜವಾದ ಕೆರೆಗಳೆಲ್ಲ ನಕಾಶೆಯಲ್ಲಿ ಒಣಗಿ ವಸತಿಗಳಾದವು! ಕೇರಿ ಎಂದರೆ ಓಣಿ ಎಂದು ಈ ಸಲ ಯಾರೋ ಅದಕ್ಕೆ ಕಲಿಸಿದ್ದರು. ಹೆಸರಿನ ಅಕ್ಷರ ಒಂದೇ ಇದ್ದಾಗ ಯಂತ್ರವಾದರೂ ಏನು ಮಾಡೀತು? ಗಾಬರಿಯಾಗಿ ಮೊದಲಿನದನ್ನೇ ಮರಳಿ ಹಾಕಿದರು.

ಮೇಡಮ್ ಸುಲಭದ ದಾರಿ ಹೇಳಿದರು. “ಹೆಸರು ಬದಲಾಯಿಸಿಬಿಡಿ. ನವೀ ವಸ್ತೀ ಎಂದು ಬರೆಯಿರಿ. ಅರ್ಥ ಅದೇ ತಾನೇ?”

ಅರ್ಥ ಅದೇ. ನಾನು, ಮೇಡಮ್, ಶಿಂದೆ ಮೂವರೂ ಜೀಪಿನಲ್ಲಿ ಹೊಸಕೇರಿಗೆ ಆ ಮಾತು ಕೇಳಲು ಹೋದೆವು. ಸಿದ್ರಾಮಜ್ಜ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದ. ಮೇಡಮ್ ಮರಾಠಿಯಲ್ಲಿ ಕೇಳಿದರು. ಅವನು ಬಹಳ ಹೊತ್ತು ಉಸಿರು ಕೂಡಿಸಿಕೊಂಡು ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದ.

“ಬಾಯಿಸಾಹೇಬ್ರಿಗಿ ಹೇಳ್ರಿ. ಮೊದಲಿನ ಹೆಸರ ಮಂದಿ ಇಟ್ಟಿದ್ರು. ಅದನ್ನ ತಗಿಸಬೇಕಂತ ನಾವು ಅಕ್ಕಲಕೋಟ, ಸೊಲ್ಲಾಪುರ ಎಷ್ಟ ತಿರಗೇವಿ, ನಮಗೊತ್ತು. ಇದು ನಾವು ಇಟ್ಕೊಂಡ ಹೆಸರು. ಮಶೀನಿಗಿ ತಿಳೀವಲ್ದು ಅಂತ ನಾವು ಮತ್ತ ಹೆಸರ ಬಿಡಬೇಕೇನ್ರಿ? ಮಶೀನಿಗೇ ಕಲಸ್ರಿ.”

ನಾನು ಅದನ್ನು ಮರಾಠಿಗೆ ಮಾಡಿ ಹೇಳಿದೆ. ಕಾಶೀಬಾಯಿ ಕಡಕ್ ರೊಟ್ಟಿ, ಶೇಂಗಾ ಚಟ್ನಿ ತಂದಿಟ್ಟಳು. ಮೇಡಮ್ ತಟ್ಟೆ ಮುಟ್ಟದೆ ಕೂತದ್ದನ್ನು ನಾನು ಮೊದಲ ಸಲ ನೋಡಿದೆ. ಆಮೇಲೆ ತಿಂದರು ಬಿಡಿ, ಎರಡು ಸಲ ಹಾಕಿಸಿಕೊಂಡು ತಿಂದರು.

ವಾಪಸು ಬರುವಾಗ ಜೀಪಿನಲ್ಲಿ ಜಗಳ ಶುರುವಾಯಿತು. ನನಗೂ ಸಿಟ್ಟು ಬಂದಿತ್ತು. “ಒಂದು ಕಾಲಮ್ಮು ಕೊಡಿ ಮೇಡಮ್. ಕನ್ನಡದಲ್ಲಿ ಹೆಸರು ಬರೆಯಲು ಒಂದೇ ಒಂದು ಕಾಲಮ್ಮು,” ಎಂದೆ.

“ನಿಮಗೆ ಕನ್ನಡದ ಒಂದು ಕೊಟ್ಟರೆ ನಾಂದೇಡದವರು ತೆಲುಗಿನ ಒಂದು ಕೇಳುತ್ತಾರೆ. ಗಡಚಿರೋಲಿಯವರು ಮತ್ತೊಂದು ಕೇಳುತ್ತಾರೆ. ಆಮೇಲೆ ಪ್ರತಿ ಜಿಲ್ಲೆಯ ನಕಾಶೆಯ ಪಟ್ಟಿಗೆ ಅಗಲ ಬೇರೆ ಬೇರೆ. ಕೂಡಿಸಿದರೆ ಕೂಡುವುದಿಲ್ಲ. ನಿಮ್ಮ ದಾರಿ ಹಳ್ಳಕ್ಕೆ ಬಿದ್ದ ಕತೆ ನನಗೆ ಹೇಳಿದವರು ಯಾರು?” ಎಂದರು ಮೇಡಮ್.

ನಾನೇ ಹೇಳಿದ್ದು. ನನ್ನ ಕತೆಯೇ ನನ್ನ ಬಾಯಿ ಮುಚ್ಚಿಸಿತು. ಹೋಟಗಿ ಬಂತು. ಅಲ್ಲಿ ರೈಲ್ವೆ ಗೇಟು ಹಾಕಿತ್ತು. ಮಾಲುಗಾಡಿ ಹಾದುಹೋಗುತ್ತಿದ್ದುದನ್ನು ಮೇಡಮ್ ನೋಡುತ್ತ ಕೂತಿದ್ದರು. ಡಬ್ಬಿಗಳ ಮೇಲೆ ಡಬ್ಬಿ, ಮುಗಿಯುವ ಹಾಗೇ ಕಾಣಲಿಲ್ಲ.

“ಎಂಜಿನ್ ಬದಲಾಯಿಸದೆ ಹಿಂದೆ ಒಂದು ಡಬ್ಬಿ ಜೋಡಿಸಬಹುದಲ್ಲ,” ಎಂದರು ಅವರು ಇದ್ದಕ್ಕಿದ್ದಂತೆ.

ನಮಗೆ ಅರ್ಥವಾಗಲಿಲ್ಲ. ಅವರು ಬಿಡಿಸಿ ಹೇಳಿದರು. ಮಾನಕದ ಕಾಲಮ್ಮುಗಳನ್ನು ಮುಟ್ಟುವುದು ಬೇಡ. ಆದರೆ ಸ್ಥಳೀಯ ಮಾಹಿತಿಗೆ ಪ್ರತ್ಯೇಕ ಪುರವಣಿ ಇಡಬಹುದೆಂದು ಮಾನಕದಲ್ಲೇ ಹೇಳಿದೆ, ಯಾರೂ ಅದನ್ನು ಉಪಯೋಗಿಸಿಲ್ಲ ಅಷ್ಟೇ. ಮೂಲ ನಕಾಶೆಯಲ್ಲಿ ಹೊಸಕೇರಿಗೆ ಒಂದು ಸಂಖ್ಯೆ ಇರುತ್ತದೆ. ಪುರವಣಿಯಲ್ಲೂ ಅದೇ ಸಂಖ್ಯೆ ಹಾಕಿ, ಅದರ ಮುಂದೆ ಅಲ್ಲಿಯ ಜನ ಏನೆನ್ನುತ್ತಾರೆ, ಅವರ ಬಾಯಲ್ಲಿ ಅದರ ಅರ್ಥವೇನು ಎಂದು ಬರೆಯುವುದು. ಬೇಕಾದವರು ಜೋಡಿಸಿಕೊಂಡು ನೋಡುತ್ತಾರೆ, ಬೇಡದವರಿಗೆ ತೊಂದರೆಯಿಲ್ಲ. ಪುರವಣಿ ಇರುವ ಕಡೆ ಸರ್ವರು ಬರಿಯ ಹೆಸರು ನೋಡಿ ಕೋಡು ಬದಲಿಸಬಾರದು, ಇಷ್ಟು ನಿಯಮ ಮಾಡಿಸಿದರೆ ಸಾಕು. ಅದನ್ನು ಮಾಡಿಸುವ ಹೊಣೆ ತಮ್ಮದು ಎಂದರು. ನನಗೆ ಗೇಟಿನಲ್ಲೇ ಇಳಿದು ಕುಣಿಯಬೇಕೆನ್ನಿಸಿತು. ಅಷ್ಟರಲ್ಲಿ ಗೇಟು ತೆಗೆದುಬಿಟ್ಟರು.

ಆಫೀಸಿನಲ್ಲಿ ಮತ್ತೊಂದು ತೊಡಕು. ಪುರವಣಿಯಲ್ಲಿ ಕನ್ನಡ ಬರೆಯುವವರು ಯಾರು? ನನ್ನೊಬ್ಬನನ್ನು ಬಿಟ್ಟರೆ ಯಾರಿಗೂ ಅಕ್ಷರ ಬರುವುದಿಲ್ಲ, ನನ್ನ ನಿವೃತ್ತಿ ಹತ್ತಿರ ಬಂದಿತ್ತು. ಬರೆದಿಟ್ಟರೂ ಮುಂದೆ ಓದುವವರು ಯಾರು? ಎಲ್ಲರೂ ನನ್ನ ಮುಖ ನೋಡಿದರು. ಆಗ ಶಿಂದೆ ಕೈ ಎತ್ತಿದ, ಸಾಲಿಯ ಮಗುವಿನ ಹಾಗೆ.

“ಮಲಾ ವಾಚತಾ ಯೇತ ನಾಹೀ, ಪಣ ಐಕೂ ಯೇತಂ,” ಎಂದ. ಓದಲು ಬರುವುದಿಲ್ಲ, ಆದರೆ ಕೇಳಲು ಬರುತ್ತದೆ ಎಂದು ಅವನ ಮಾತು. “ಅಣ್ಣಾ, ಕೆರಿ ಅಂದದ್ದು ಬೇರೆ, ಕೇರಿ ಅಂದದ್ದು ಬೇರೆ ಅಂತ ಆ ಅಜ್ಜಿ ಅಂದಾಗ ನನ್ನ ಕಿವಿಗೇ ಗೊತ್ತಾಯಿತು. ನಾನು ಆ ಹೆಸರನ್ನು ಕಾಗದದಲ್ಲಿ ನೋಡಿದ್ದೆ, ಯಾರ ಬಾಯಲ್ಲೂ ಕೇಳಿರಲಿಲ್ಲ. ಅಕ್ಷರದ ಜೊತೆಗೆ ದನಿಯನ್ನೂ ಇಡೋಣ.”

ಶಿಂದೆ ಮಾಡಿದ ಘನಕಾರ್ಯಗಳನ್ನು ಬರೆದರೆ ಇನ್ನೊಂದು ಪುಸ್ತಕವಾದೀತು. ಆದರೆ ಆವತ್ತಿನ ಈ ಮಾತಿಗೆ ನಾನು ಅವನಿಗೆ ಮನಸಾರೆ ಶರಣೆಂದೆ. ಮಾತು ಮುಗಿದ ಮೇಲೆ ಬೆನ್ನು ತಟ್ಟಿದೆ. ಅವನು ಚಹಾ ಕುಡಿಸಬೇಕೆಂದು ಕೇಳಿ ಅದರ ಜೊತೆಗೆ ಭಜಿಯನ್ನೂ ತಿಂದ.

ಮೊದಲ ದನಿ ಹೊಸಕೇರಿಯದೇ ಆಗಬೇಕೆಂದು ಮೇಡಮ್ ಹೇಳಿದರು. ಶಿಂದೆಯೂ ನಾನೂ ಟ್ಯಾಬು ಹಿಡಿದು ಹೋದೆವು. ಪ್ರಾಜಕ್ತಾ ಅಂದು ಮನೆಯಲ್ಲೇ ಇದ್ದಳು. ಹೆಸರನ್ನು ಸ್ಪಷ್ಟವಾಗಿ ಹೇಳಬೇಕು, ಬೇರೆ ಮಾತು ಬರಬಾರದು ಎಂದು ನಿಯಮ ಓದಿ ಹೇಳಿದೆವು. ಕಾಶೀಬಾಯಿ ಸೆರಗು ಸರಿಮಾಡಿಕೊಂಡು ಟ್ಯಾಬಿನ ಮುಂದೆ ಫೋಟೋಕ್ಕೆ ಕೂತ ಹಾಗೆ ಕೂತಳು. ಆಫೀಸಿನಲ್ಲಿ ನಮ್ಮನ್ನೆಲ್ಲ ದಬಾಯಿಸಿದ ಬಾಯಿ ಅದು. ಶಿಂದೆ ಬಟನ್ ಒತ್ತಿದ ಕೂಡಲೇ ಇಲಿಯ ದನಿಯಾಯಿತು.

“ಹೊಸಕೇರಿ,” ಎಂದಳು.

ಮಂಚದ ಮೇಲಿಂದ ಸಿದ್ರಾಮಜ್ಜ ಕೂಗಿದ. “ಜೋರಾಗಿ ಅನ್ನು! ಹೋಟಗಿತನಕ ಕೇಳಬೇಕು!”

ಅವಳು ತಿರುಗಿದಳು. “ನೀವು ಸುಮ್ಮ ಕುಂದರ್ರಿ. ಅಂದೀನಲ್ಲ, ಕೇರಿ! ಹೊಸಕೇರಿ! ಕೆರಿ ಅಲ್ಲ. ನೀರಾಗ ಕುಂತು ರೊಟ್ಟಿ ಬಡಿತೀನೇನ ನಾ?”

ಅಜ್ಜ ನಕ್ಕ. ನಕ್ಕು ಕೆಮ್ಮಿದ. ಶಿಂದೆ ಬಟನ್ ಒತ್ತಿ ನಿಲ್ಲಿಸಿದ. ಇನ್ನೊಮ್ಮೆ ಹೇಳಿಸೋಣವೇ ಎಂದು ಅವನು ಕಣ್ಣಲ್ಲೇ ಕೇಳಿದ. ಕೆರಿ, ಕೇರಿ ಎರಡೂ ಬೇರೆ ಬೇರೆ ಬಂದುಬಿಟ್ಟಿದ್ದವು, ಇದಕ್ಕಿಂತ ಸ್ಪಷ್ಟವಾಗಿ ಯಾರು ಹೇಳುತ್ತಾರೆ? ಬೇಡ ಎಂದೆ. ಮೇಡಮ್ ಅದನ್ನು ಕೇಳಿ, ಹೆಸರಿನ ಹೊರತು ಉಳಿದದ್ದನ್ನು ಕತ್ತರಿಸಬೇಕಲ್ಲ ಎಂದರು. ಉಳಿದ ಮಾತಿನ ಅರ್ಥವೇನು ಎಂದು ಕೇಳಿದರು. ನಾನು ಹೇಳಿದೆ. ಮೇಡಮ್ ಬಾಯಿಗೆ ಆ ಮೆತ್ತನೆ ಬಟ್ಟೆ ಒತ್ತಿಕೊಂಡು ನಕ್ಕರು. “ಇರಲಿ. ಇದೇ ಅರ್ಥವಿವರಣೆ ಎಂದು ಬರೆಯಿರಿ,” ಎಂದರು.

ನಿಯಮವನ್ನು ಮೇಲಿನಿಂದ ಒಪ್ಪಿಸಿಕೊಂಡು ಬರಲು ಅವರಿಗೆ ಸಾಕಷ್ಟು ತಿಂಗಳು ಬೇಕಾದವು. ಪುಣೆಗೆ ಹೋದಾಗಲೆಲ್ಲ ಚೀಲದಲ್ಲಿ ಶೇಂಗಾ ಚಟ್ನಿಯ ಪೊಟ್ಟಣ ಒಯ್ಯುತ್ತಿದ್ದರು. ಯಾರಿಗೆಂದು ನಾನು ಕೇಳಲಿಲ್ಲ. ಕೊನೆಗೊಂದು ದಿನ ಮಾಹಿತಿ ಮೇಲೆ ಹೋಗಿ ವಾಪಸು ಬಂದಾಗ ನಾವೆಲ್ಲ ಒಂದೇ ಪರದೆಯ ಸುತ್ತ ನಿಂತಿದ್ದೆವು. ಹೊಸಕೇರಿ ವಸತಿಯಾಗಿಯೇ ಇತ್ತು. ಮರುವಾರವೂ ಇತ್ತು. ಶಿಂದೆ ಪರದೆಗೆ ಕೈಮುಗಿದ. ನೋಟೀಸು ರದ್ದಾಯಿತು, ನಿಜವಾದ ಕೆರೆಗಳಲ್ಲೂ ನೀರು ಹಾಗೇ ಉಳಿಯಿತು.

ಆಮೇಲೆ ಪುರವಣಿಗೆ ಏನೇನೋ ಬರತೊಡಗಿದವು. ನಮ್ಮ ಕಡೆ ಬ್ಯಾಸಗಿ ದಾರಿ ಎಂದು ಒಂದಿದೆ. ಹಿಂಗಾರಿ ಜೋಳ ಕೊಯ್ದ ಮೇಲೆ ಹೊಲದ ನಡುವೆ ಚಕ್ಕಡಿ ಹೋಗುವ ದಾರಿ ಅದು, ಬಿತ್ತಿದ ಮೇಲೆ ಇರುವುದಿಲ್ಲ. ಮಾನಕದಲ್ಲಿ ದಾರಿ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ವರ್ಷದಲ್ಲಿ ಅರ್ಧ ಇರುವ ದಾರಿಗೆ ಪುರವಣಿಯಲ್ಲಿ ಜಾಗ ಸಿಕ್ಕಿತು. ಒಂದೇ ಮಡ್ಡಿ ದಿಬ್ಬಕ್ಕೆ ಎರಡು ಊರಿನವರು ಎರಡು ಹೆಸರು ಹೇಳಿದರೆ ಎರಡನ್ನೂ ಇಟ್ಟೆವು, ಜಗಳ ಬಗೆಹರಿಸಲು ಹೋಗಲಿಲ್ಲ. ಬೇರೆ ಗಡಿಯ ಕೆಲವು ಆಫೀಸಿನವರು ಫೋನು ಮಾಡಿ, ಅದೇ ಪುರವಣಿಯನ್ನು ತಮ್ಮ ಭಾಷೆಗೆ ತೆಗೆದುಕೊಂಡರು. ಅಗಲ ಎಲ್ಲಿಯೂ ಬದಲಾಗಲಿಲ್ಲ, ಎಲ್ಲ ನಕಾಶೆಗಳೂ ಕೂಡಿದವು. ನೀವು ಈಗ ಟ್ಯಾಬಿನಲ್ಲಿ ಕಿವಿಯ ಚಿತ್ರ ಒತ್ತುತ್ತೀರಲ್ಲ, ಅದು ಬಂದದ್ದು ಹೀಗೆ. ಅದನ್ನು ಒತ್ತದೆ ಕೋಡು ಕೊಡಬೇಡಿ. ಇಡೀ ನೌಕರಿಯಿಂದ ನಾನು ನಿಮಗೆ ಕೊಡಬಹುದಾದ ಬುದ್ಧಿಮಾತು ಇದೊಂದೇ.

ಹೊಸಕೇರಿಯ ಕಾರ್ಡುಗಳು ಬರುವಷ್ಟರಲ್ಲಿ ನಾನು ನಿವೃತ್ತನಾಗಿದ್ದೆ. ಹಂಚುವ ದಿನ ಮೇಡಮ್ ನನಗೂ ಹೇಳಿ ಕಳಿಸಿದರು. ಹೋದೆ. ಸಿದ್ರಾಮಜ್ಜ ಆ ಹಿಂದಿನ ಚಳಿಗಾಲದಲ್ಲಿ ತೀರಿಕೊಂಡಿದ್ದ. ನೋಟೀಸು ರದ್ದಾದದ್ದು ಅವನಿಗೆ ಗೊತ್ತಿತ್ತು, ಕಾರ್ಡು ಮಾತ್ರ ಕಾಣಲಿಲ್ಲ. ಅಷ್ಟು ನನ್ನ ಮನಸ್ಸಿನಲ್ಲಿ ಇನ್ನೂ ಕೊರೆಯುತ್ತದೆ.

ಕಾಶೀಬಾಯಿ ಕಾರ್ಡು ಇಸಿದುಕೊಂಡು ಬಂದು ನನ್ನ ಪಕ್ಕದ ಕಟ್ಟೆಯ ಮೇಲೆ ಕೂತಳು. “ಇದರಾಗ ನಮ್ಮ ಹೆಸರ ಸರಿ ಮಾಡ್ಯಾರೇನು ತಮ್ಮಾ? ಓದು,” ಎಂದಳು. ಸಾಹೇಬ್ರು ಹೋಗಿ ತಮ್ಮ ಆಗಿದ್ದೆ, ಅದು ನನಗೆ ಸಿಕ್ಕ ಬಡ್ತಿ.

ನಾನು ನೋಡಿದೆ. ಕಾರ್ಡಿನ ಮೇಲೆ ಮರಾಠಿಯಲ್ಲಿ ಮೊದಲಿನ ಅಕ್ಷರಗಳೇ ಇದ್ದವು. ಒಂದು ಗೆರೆಯೂ ಬದಲಾಗಿರಲಿಲ್ಲ. ಬದಲಾಗುವ ಹಾಗೆಯೂ ಇರಲಿಲ್ಲ.

“ಅಕ್ಷರ ಅವೇ ಅದಾವ ಆಯಿ,” ಎಂದೆ. “ಹಿಂದ ನಿನ್ನ ದನಿ ಐತಿ.”

ಅವಳಿಗೆ ಅದು ತಿಳಿಯಲಿಲ್ಲ. ಪ್ರಾಜಕ್ತಾ ತನ್ನ ಫೋನು ತೆಗೆದು, ನಕಾಶೆಯಲ್ಲಿ ತಮ್ಮ ಓಣಿ ಹುಡುಕಿ, ಕಿವಿಯ ಚಿತ್ರದ ಮೇಲೆ ಬೆರಳಿಟ್ಟಳು. ಇಲಿಯ ದನಿಯಲ್ಲಿ “ಹೊಸಕೇರಿ” ಎಂದು ಬಂತು. ಅದರ ಬೆನ್ನಿಗೇ ಮಂಚದ ಮೇಲಿನ ಕೂಗು, ಜೋರಾಗಿ ಅನ್ನು, ಹೋಟಗಿತನಕ ಕೇಳಬೇಕು. ಆಮೇಲೆ ಬೈಗಳು, ರೊಟ್ಟಿ, ನಗು, ಕೆಮ್ಮು.

ಸುತ್ತ ಇದ್ದವರು ನಕ್ಕರು. ಕಾಶೀಬಾಯಿ ನಗಲಿಲ್ಲ. ಕಾರ್ಡನ್ನು ಸೆರಗಿನಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡು ಮೊಮ್ಮಗಳಿಗೆ “ಇನ್ನೊಮ್ಮೆ ಹಚ್ಚವಾ” ಎಂದಳು. ಪ್ರಾಜಕ್ತಾ ಮತ್ತೆ ಹಚ್ಚಿದಳು. ಅಜ್ಜನ ಕೂಗು ಬಂದ ಕೂಡಲೇ ಅಜ್ಜಿ ಅವಳ ಕೈ ಹಿಡಿದಳು. ಪ್ರಾಜಕ್ತಾ ಅಲ್ಲಿಗೇ ನಿಲ್ಲಿಸಿದಳು.

ಕಾಶೀಬಾಯಿ ಫೋನಿನ ಕಡೆ ಬಗ್ಗಿ ಮೆಲ್ಲಗೆ ಹೇಳಿದಳು, “ಕೇಳಿಸ್ತ ಬಿಡ್ರಿ.”